ಬೆನ್ನ ಹಿಂದಿನ ಲಾರಿಗೆ ಕನ್ನಡಿ ಬೇಕು

ಗೆ,
ಮಾನ್ಯ ಸಾರಿಗೆ ಆಯುಕ್ತರು,
ಕರ್ನಾಟಕ ಸರ್ಕಾರ,
ಶಾಂತಿನಗರ, ಬೆಂಗಳೂರು.

ವಿಷಯ: ದ್ವಿಚಕ್ರ ವಾಹನಗಳ ಕನ್ನಡಿ ಕಾನೂನಿನಲ್ಲಿ ಇದ್ದು ರಸ್ತೆಯಲ್ಲಿ ಇಲ್ಲದಿರುವ ಬಗ್ಗೆ.

ಮಾನ್ಯರೇ,

ನಾನು ಸರ್ಕಾರಿ ಬಸ್ಸಿನ ನಿವೃತ್ತ ಚಾಲಕ. ದಾವಣಗೆರೆಯಲ್ಲಿ ವಾಸ. ಮೂವತ್ತೊಂದು ವರ್ಷ ಸ್ಟೇರಿಂಗ್ ಹಿಡಿದವನು. ಅಷ್ಟು ವರ್ಷದಲ್ಲಿ ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡದ್ದಕ್ಕಿಂತ ಬಸ್ಸಿನ ಹಿಂಬಾಗಿಲು ನೋಡಿದ್ದೇ ಹೆಚ್ಚು. ಆದ್ದರಿಂದ ಕನ್ನಡಿಯ ವಿಷಯದಲ್ಲಿ ಎರಡು ಮಾತು ಹೇಳುವ ಅಧಿಕಾರ ನನಗಿದೆ ಅಂದುಕೊಂಡಿದ್ದೇನೆ. ಈ ಪತ್ರವನ್ನು ಅಂಚೆಗೆ ಹಾಕಿ ಸುಮ್ಮನಿರದೆ ಪತ್ರಿಕೆಗೂ ಕೊಡುತ್ತಿದ್ದೇನೆ. ಇಲ್ಲಿ ಬರೆದಿರುವುದು ತಮ್ಮ ಇಲಾಖೆಗೆ ಎಷ್ಟು ಸೇರಬೇಕೋ ಬೈಕ್ ಇರುವ ಪ್ರತಿ ಮನೆಗೂ ಅಷ್ಟೇ ಸೇರಬೇಕು.

ಕಳೆದ ಆಷಾಢದ ಒಂದು ಸಂಜೆ ನನ್ನ ತಮ್ಮನ ಮಗ ಹದಡಿ ರಸ್ತೆಯಲ್ಲಿ ಬೈಕಿನಲ್ಲಿ ಬರುತ್ತಿದ್ದ. ರಸ್ತೆ ಬದಿ ಗೂಡ್ಸ್ ಆಟೊವೊಂದು ಸಿಮೆಂಟ್ ಚೀಲ ಇಳಿಸುತ್ತ ನಿಂತಿತ್ತು. ಅದನ್ನು ತಪ್ಪಿಸಲು ಹುಡುಗ ಬಲಕ್ಕೆ ಎಳೆದಿದ್ದಾನೆ. ಹಿಂದೆಯೇ ಲಾರಿ. ಲಾರಿಯವನು ಬ್ರೇಕ್ ತುಳಿದರೂ ಬಂಪರಿನ ಮೂಲೆ ಬೈಕಿನ ಹ್ಯಾಂಡಲ್‌ಗೆ ತಗುಲಿ ಹುಡುಗ ಬಿದ್ದ. ತಲೆಯಲ್ಲಿ ಹೆಲ್ಮೆಟ್ ಇತ್ತು, ಜೀವ ಉಳಿಯಿತು. ಕುತ್ತಿಗೆಯ ಕೆಳಗಿನ ಕಾಲರ್ ಬೋನ್ ಮುರಿಯಿತು.

ನಾನು ಹೋಗುವಷ್ಟರಲ್ಲಿ ಹುಡುಗನನ್ನು ಆಸ್ಪತ್ರೆಗೆ ಕಳಿಸಿದ್ದರು. ಲಾರಿ ಡ್ರೈವರನ್ನು ಇಳಿಸಿ ನಾಲ್ಕು ಬಿಗಿದೂ ಆಗಿತ್ತು. ನಮ್ಮಲ್ಲಿ ರಸ್ತೆಯ ನ್ಯಾಯ ತಮಗೆ ಗೊತ್ತೇ ಇದೆ: ದೊಡ್ಡ ಗಾಡಿಯವನದೇ ತಪ್ಪು, ಹಿಂದೆ ಬಂದವನದೇ ತಪ್ಪು. ಆತ ಮೋರಿ ಕಟ್ಟೆಯ ಮೇಲೆ ಕೂತು, ಹರಿದ ಅಂಗಿಯ ಗುಂಡಿ ಹುಡುಕುತ್ತಿದ್ದ. ನನ್ನನ್ನು ಕಂಡು, “ಅಣ್ಣಾರ, ಎರಡು ಸಲ ಹಾರ್ನ್ ಹೊಡದೀನಿ. ಹುಡುಗ ಹಿಂದ ಏನೈತಿ ಅಂತ ನೋಡ್ಲೇ ಇಲ್ಲ,” ಅಂದ.

ಬಿದ್ದ ಬೈಕನ್ನು ನಾನೇ ಎತ್ತಿ ನಿಲ್ಲಿಸಿದೆ. ಹ್ಯಾಂಡಲ್ ಮೇಲೆ ಕನ್ನಡಿ ಕೂರಬೇಕಾದ ಎರಡು ತೂತು. ಎರಡಕ್ಕೂ ನೀಟಾಗಿ ಕಪ್ಪು ರಬ್ಬರ್ ಬಿರಡೆ ಹಾಕಿತ್ತು. ಹುಡುಗ ನೋಡಲಿಲ್ಲ ಅಂದರೆ, ನೋಡಲು ಗಾಡಿಯಲ್ಲಿ ಏನೂ ಇರಲಿಲ್ಲ.

ಮನೆಗೆ ಬಂದು ವಿಚಾರಿಸಿದರೆ ಕನ್ನಡಿಗಳು ಅಟ್ಟದ ಮೇಲಿದ್ದವು. ಕಂಪನಿಯ ಪ್ಲಾಸ್ಟಿಕ್ ಕವರನ್ನೂ ಬಿಚ್ಚಿರಲಿಲ್ಲ. ಹುಡುಗನ ಡಿಎಲ್ ಸರಿ ಇತ್ತು, ಇನ್ಶೂರೆನ್ಸ್ ಸರಿ ಇತ್ತು, ಎಮಿಷನ್ ಸರ್ಟಿಫಿಕೇಟಿಗೆ ಇನ್ನೂ ಆರು ತಿಂಗಳ ಅವಧಿ ಇತ್ತು. ಎರಡು ವರ್ಷದಲ್ಲಿ ಪೊಲೀಸರು ಅವನನ್ನು ಹಲವು ಸಲ ನಿಲ್ಲಿಸಿದ್ದಾರೆ. ಒಬ್ಬರೂ “ಕನ್ನಡಿ ಎಲ್ಲಪ್ಪಾ?” ಅಂತ ಕೇಳಿಲ್ಲ. ನನ್ನ ಕುಂದುಕೊರತೆ ಇದೇ.

ಆಸ್ಪತ್ರೆಯಲ್ಲಿ ಹುಡುಗನನ್ನು ಕೇಳಿದೆ. “ಕನ್ನಡಿ ಹಾಕಿದ್ರೆ ಗಾಡಿ ಲುಕ್ಕೇ ಹೋಗ್ತತಿ ದೊಡ್ಡಪ್ಪ,” ಅಂದ. ಸಿಟ್ಟು ಬಂತು. ಆದರೆ ಬರೀ ಷೋಕಿ ಅಂತ ತಳ್ಳಿಹಾಕಿದರೆ ನ್ಯಾಯವಲ್ಲ. ಜನ ಕನ್ನಡಿ ಬಿಚ್ಚುವುದಕ್ಕೆ ಬೇರೆ ಕಾರಣಗಳೂ ಇವೆ. ಬಸ್ ಸ್ಟ್ಯಾಂಡಿನ ಪಾರ್ಕಿಂಗಿನಲ್ಲಿ ಬೈಕುಗಳನ್ನು ಕಬ್ಬಿನ ಜಲ್ಲೆಯ ಹಾಗೆ ಒತ್ತೊತ್ತಿ ನಿಲ್ಲಿಸುತ್ತಾರೆ; ಒಂದನ್ನು ಎಳೆದರೆ ಪಕ್ಕದ್ದರ ಕನ್ನಡಿ ಮುರಿಯುತ್ತದೆ. ಸಂಜೆಯ ಟ್ರಾಫಿಕ್ಕಿನಲ್ಲಿ ಎರಡು ಕಾರಿನ ನಡುವೆ ನುಗ್ಗಲು ಕನ್ನಡಿ ಅಡ್ಡಿ. ಒಮ್ಮೆ ಮುರಿದರೆ ಅಂಗಡಿಯಲ್ಲಿ ಸಿಗುವ ಅಗ್ಗದ ಕನ್ನಡಿ ನಲವತ್ತರ ವೇಗಕ್ಕೇ ನಡುಗಿ, ಹಿಂದಿನ ಲಾರಿ ನೀರಿನಲ್ಲಿ ಅಲ್ಲಾಡಿದ ಹಾಗೆ ಕಾಣುತ್ತದೆ. ಕೆಲವು ಗಾಡಿಗಳಲ್ಲಿ ಬಲಗಡೆಯದಕ್ಕೆ ಉಲ್ಟಾ ಥ್ರೆಡ್. ಗೊತ್ತಿಲ್ಲದ ಹುಡುಗರು ಬಲವಂತ ಮಾಡಿ ತಿರುಗಿಸಿ ತೂತೇ ಹಾಳು ಮಾಡುತ್ತಾರೆ. ಆಮೇಲೆ ಅದಕ್ಕೊಂದು ಬಿರಡೆ, ಅಲ್ಲಿಗೆ ಕನ್ನಡಿಯ ಕಥೆ ಮುಗಿಯಿತು.

ಕನ್ನಡಿ ಇಟ್ಟುಕೊಂಡವರ ಕಥೆಯೂ ಅಷ್ಟಕ್ಕಷ್ಟೆ. ಜಯದೇವ ಸರ್ಕಲ್ಲಿನ ಚಹಾ ಅಂಗಡಿ ಮುಂದೆ ಅರ್ಧ ಗಂಟೆ ಕೂತು ನೋಡಿ. ಒಬ್ಬರದು ಆಕಾಶ ನೋಡುತ್ತಿರುತ್ತದೆ, ಇನ್ನೊಬ್ಬರದು ತಲೆ ಬಾಚಿಕೊಳ್ಳಲು ಒಳಕ್ಕೆ ತಿರುಗಿರುತ್ತದೆ, ಮತ್ತೊಬ್ಬರದು ಹೆಲ್ಮೆಟ್ ನೇತುಹಾಕುವ ಗೂಟವಾಗಿರುತ್ತದೆ. ಕೆಲವು ಆಟೊಗಳಲ್ಲಿ ಒಳಗಿನ ಕನ್ನಡಿಯ ಮುಖ ರಸ್ತೆಗಲ್ಲ, ಹಿಂದಿನ ಸೀಟಿಗೆ. ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳನ್ನು ಕೇಳಿದರೆ ಆ ಕನ್ನಡಿ ಯಾರನ್ನು ನೋಡುತ್ತದೆ ಅಂತ ಹೇಳುತ್ತಾರೆ. ಸುಗ್ಗಿಯಲ್ಲಿ ಭತ್ತದ ಹುಲ್ಲು, ಕಬ್ಬು ಹೇರಿದ ಟ್ರ್ಯಾಕ್ಟರುಗಳದ್ದಂತೂ ಬೇರೆಯೇ ಲೋಕ. ಅವಕ್ಕೆ ಕನ್ನಡಿಯೂ ಇಲ್ಲ, ಡೆಕ್ಕಿನ ಅಬ್ಬರದಲ್ಲಿ ಕಿವಿಯೂ ಇಲ್ಲ.

ಬಸ್ಸಿನ ಸೀಟಿನಲ್ಲಿ ಕೂತವನಿಗೆ ಕನ್ನಡಿ ಏನು ಅಂತ ಹೇಳುತ್ತೇನೆ. ಬೆಳಗಿನ ಜಾವ ಡಿಪೊದಲ್ಲಿ ಗಾಡಿ ತೆಗೆಯುವ ಮೊದಲು ಹಳೆ ಪೇಪರ್ ಒದ್ದೆ ಮಾಡಿ ಮೂರೂ ಕನ್ನಡಿ ಒರೆಸುತ್ತಿದ್ದೆ. ಬಲಗಡೆಯದು ಓವರ್‌ಟೇಕ್ ಮಾಡಿ ಬರುವವರಿಗೆ. ಒಳಗಿನದು ಪ್ರಯಾಣಿಕರಿಗೆ. ಎಲ್ಲಕ್ಕಿಂತ ದೊಡ್ಡದು ಎಡಗಡೆಯದು. ಕಂಡಕ್ಟರ್ ಎರಡು ಬೆಲ್ ಹೊಡೆದರೂ ಆ ಕನ್ನಡಿಯಲ್ಲಿ ಫುಟ್‌ಬೋರ್ಡ್ ಖಾಲಿ ಕಾಣುವ ತನಕ ನಾನು ಕ್ಲಚ್ ಬಿಡುತ್ತಿರಲಿಲ್ಲ. ಅಜ್ಜಿಯೊಬ್ಬಳ ಸೀರೆಯ ಸೆರಗು, ಮಗುವಿನ ಕೈ, ಓಡಿ ಬಂದು ಹತ್ತುವ ಹುಡುಗ, ಎಲ್ಲವೂ ಆ ಒಂದು ಗೇಣು ಗಾಜಿನಲ್ಲಿ ಕಂಡು, ನಿಂತು, ಉಳಿದಿವೆ.

ಆದರೂ ಬಸ್ಸಿನ ಎಡಮೂಲೆಯ ಕೆಳಗೆ ಒಂದಷ್ಟು ಜಾಗ ಯಾವ ಕನ್ನಡಿಗೂ ಕಾಣುವುದಿಲ್ಲ. ನಾವು ಅದನ್ನು ಕುರುಡು ಜಾಗ ಅನ್ನುತ್ತಿದ್ದೆವು. ಫುಟ್‌ಪಾತ್ ಮತ್ತು ಬಸ್ಸಿನ ಸಂದಿಯಲ್ಲಿ ನುಗ್ಗುವ ಬೈಕ್ ಬಂದು ಸೇರುವುದು ಅಲ್ಲಿಗೇ. ಆಗ ನಾನು ಅವನನ್ನು ನೋಡಲಾರೆ. ಅವನ ಬೈಕಿಗೆ ಕನ್ನಡಿ ಇದ್ದರೆ ಕಡೇಪಕ್ಷ ಅವನಾದರೂ ನನ್ನನ್ನು ನೋಡಿಯಾನು. ಅವನಿಗೂ ಇಲ್ಲದಿದ್ದರೆ ರಸ್ತೆಯಲ್ಲಿ ಇಬ್ಬರು ಕುರುಡರಾದೆವು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುವುದು ಗಾದೆ. ಬೆನ್ನ ಹಿಂದಿನ ಲಾರಿಗೆ ಬೇಕು.

ಇನ್ನು ಕಾನೂನಿಗೆ ಬರುತ್ತೇನೆ. ನನ್ನ ಮಗಳು ಇಲ್ಲಿಯ ಕೋರ್ಟಿನಲ್ಲಿ ವಕೀಲೆ. ಅವಳು ಪುಸ್ತಕ ತೆಗೆದು ಓದಿ ಹೇಳಿದ ಮೇಲೆ ನನಗೆ ಆಶ್ಚರ್ಯವಾದದ್ದು ಕಾನೂನು ಇಲ್ಲವಲ್ಲ ಅಂತಲ್ಲ, ಎಷ್ಟೊಂದು ಕಡೆ ಇದೆಯಲ್ಲ ಅಂತ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 125(2)ನೆಯದು ಕನ್ನಡಿಯ ನಿಯಮ. ಕನ್ನಡಿ ಹೇಗಿರಬೇಕು ಅನ್ನುವುದಕ್ಕೆ ಎಐಎಸ್ 001, ಎಲ್ಲಿ ಹೇಗೆ ಕೂರಿಸಬೇಕು ಅನ್ನುವುದಕ್ಕೆ ಎಐಎಸ್ 002 ಅಂತ ಮಾನದಂಡಗಳಿವೆ. ಇದು ತಯಾರಕರಿಗೆ. ಅದೇ ನಿಯಮಗಳ 15ನೆಯದರಲ್ಲಿ ಡ್ರೈವಿಂಗ್ ಪರೀಕ್ಷೆಗೆ ಬಂದವರು ಏನೇನು ಮಾಡಿ ತೋರಿಸಬೇಕು ಅನ್ನುವ ಪಟ್ಟಿ ಇದೆ. ಆ ಪಟ್ಟಿಯ ಮೊಟ್ಟಮೊದಲ ಬಾಬತ್ತು ಏನು ಗೊತ್ತೇ? ಹಿಂದೆ ನೋಡುವ ಕನ್ನಡಿಯನ್ನು ಸರಿಹೊಂದಿಸಿಕೊಳ್ಳುವುದು. ಎಂಜಿನ್ ಚಾಲೂ ಮಾಡುವುದಕ್ಕಿಂತ ಮೊದಲು ಕನ್ನಡಿ. ಬರೆದವರು ಗಾಡಿ ಓಡಿಸಿ ಬಲ್ಲವರೇ ಇರಬೇಕು. ನಮ್ಮ ಹುಡುಗನನ್ನು ಕೇಳಿದೆ. ಪರೀಕ್ಷೆಯ ದಿನ ಎಂಟರ ಆಕಾರದಲ್ಲಿ ಗಾಡಿ ಸುತ್ತಿಸಿದರು, ಕಾಲು ನೆಲಕ್ಕೆ ತಾಗುತ್ತದೋ ಅಂತ ನೋಡಿದರು, ಅಷ್ಟೇ ಅಂದ. ಅವತ್ತು ಓಡಿಸಲು ಕೊಟ್ಟ ಬೈಕಿಗೇ ಕನ್ನಡಿ ಇರಲಿಲ್ಲವಂತೆ.

ಮೂರನೆಯದು ಎಫ್‌ಸಿ, ಅಂದರೆ ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟು. 62ನೇ ನಿಯಮದ ತಪಾಸಣೆ ಪಟ್ಟಿಯಲ್ಲಿ ಹೆಡ್‌ಲೈಟ್, ಬ್ರೇಕ್, ಹಾರ್ನ್, ವೈಪರ್ ಜೊತೆ ಕನ್ನಡಿಯೂ ಇದೆ. ಬಸ್ಸು, ಲಾರಿ, ಆಟೊಗಳು ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಇದಕ್ಕೆ ನಿಲ್ಲಬೇಕು. ಎಫ್‌ಸಿ ದಿನ ಪಕ್ಕದವನ ಗಾಡಿಯಿಂದ ಕನ್ನಡಿ ಬಿಚ್ಚಿ ಹಾಕಿಕೊಂಡು ಹೋಗಿ, ಸಂಜೆ ವಾಪಸು ಕೊಡುವವರನ್ನೂ ನಾನು ಕಂಡಿದ್ದೇನೆ. ಆದರೂ ಅವತ್ತೊಂದು ದಿನವಾದರೂ ಯಾರೋ ಕನ್ನಡಿ ಕಡೆ ನೋಡುತ್ತಾರೆ. ಸ್ವಂತದ ಬೈಕಿಗೆ ಆ ಭಾಗ್ಯವೂ ಇಲ್ಲ. ಅದರ ಆರ್‌ಸಿ 15 ವರ್ಷ ನಡೆಯುತ್ತದೆ. ಹೊಸ ಗಾಡಿಯನ್ನು ಆರ್‌ಟಿಒ ಅಂಗಳಕ್ಕೆ ಒಯ್ಯುವ ಪದ್ಧತಿಯೂ ಹೋಗಿ ಶೋರೂಮಿನಲ್ಲೇ ನೋಂದಣಿ ಆಗುತ್ತಿದೆ. ಅಂದರೆ ಶೋರೂಮಿನ ಬಾಗಿಲು ದಾಟಿದ ಬೈಕಿನ ಕನ್ನಡಿಯನ್ನು ಹದಿನೈದು ವರ್ಷ ಯಾರೂ ಕೇಳುವುದಿಲ್ಲ. ರಸ್ತೆಯಲ್ಲಿ ಸಾಯುವವರಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಯಾವ ವಾಹನದವರೋ ಆ ವಾಹನಕ್ಕೇ ಈ ವಿನಾಯಿತಿ.

ನಾಲ್ಕನೆಯದು ದಂಡ. ಬೇರೆ ದಂಡ ಹೇಳದ ತಪ್ಪುಗಳಿಗೆಲ್ಲ ಮೋಟಾರು ವಾಹನ ಕಾಯ್ದೆಯ 177ನೇ ಕಲಮು ಇದೆ. ಮೊದಲು ನೂರು ರೂಪಾಯಿ ಇದ್ದದ್ದು 2019ರ ತಿದ್ದುಪಡಿಯಲ್ಲಿ ಮೊದಲ ಸಲಕ್ಕೆ 500, ಮತ್ತೆ ಸಿಕ್ಕಿದರೆ 1,500 ಆಯಿತು. ಕಲಮಿಗೇನೂ ಬರವಿಲ್ಲ. ಆದರೆ ಸರ್ಕಲ್ಲಿನ ಕ್ಯಾಮೆರಾಗಳು ಹೆಲ್ಮೆಟ್ ಇಲ್ಲದ್ದನ್ನು, ಮೂವರು ಕೂತದ್ದನ್ನು, ಸಿಗ್ನಲ್ ಹಾರಿದ್ದನ್ನು ಹಿಡಿದು ಮೊಬೈಲಿಗೆ ಮೆಸೇಜು ಕಳಿಸುತ್ತವೆ. ಕನ್ನಡಿ ಇಲ್ಲ ಅಂತ ಮೆಸೇಜು ಬಂದವರು ನನ್ನ ಪರಿಚಯದಲ್ಲಿ ಒಬ್ಬರೂ ಇಲ್ಲ.

ಯಾಕೆ ಹೀಗೆ? ನನಗೆ ತೋಚಿದ್ದು ಇಷ್ಟು: ಲೆಕ್ಕಕ್ಕೆ ಬಾರದ್ದು ಕಣ್ಣಿಗೂ ಬೀಳುವುದಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ಶೇ 44.5ರಷ್ಟು ದ್ವಿಚಕ್ರ ವಾಹನದವರು. ಹೆಲ್ಮೆಟ್ ಹಾಕದೆ ಸತ್ತವರು 50,029, ಸೀಟ್ ಬೆಲ್ಟ್ ಹಾಕದೆ ಸತ್ತವರು 16,715 ಅಂತ ಒಂದೊಂದು ಜೀವವನ್ನೂ ಎಣಿಸಿದ್ದಾರೆ. ಹಿಂದಿನಿಂದ ಗುದ್ದಿ ಆದ ಅಪಘಾತಗಳು ಒಟ್ಟಿನಲ್ಲಿ ಸುಮಾರು ಐದಕ್ಕೊಂದು. ಅವೆಲ್ಲ ಕನ್ನಡಿಯಿಲ್ಲದೆ ಆದವು ಅಂತ ನಾನು ಹೇಳುವುದಿಲ್ಲ. ಹಿಂದಿನವನ ಅವಸರ, ಕುಡಿತ, ಸವೆದ ಬ್ರೇಕು ಎಲ್ಲವೂ ಅದರಲ್ಲಿವೆ. ಆದರೆ ಗುದ್ದಿಸಿಕೊಂಡ ಗಾಡಿಗೆ ಕನ್ನಡಿ ಇತ್ತೋ ಇಲ್ಲವೋ ಅಂತ ಕೇಳುವ ಕಾಲಮ್ಮನ್ನು ನಾನಂತೂ ಕಂಡಿಲ್ಲ. ನಮ್ಮ ಹುಡುಗನ ಪ್ರಕರಣದ ಕಾಗದದಲ್ಲೂ ಅದು ಇಲ್ಲ. ಅಲ್ಲಿ ಇರುವುದು ಲಾರಿ ಡ್ರೈವರಿನ ಅಜಾಗರೂಕತೆ ಮಾತ್ರ. ಹಿಂದೆ ಐಪಿಸಿ 279, ಈಗ ಬಿಎನ್‌ಎಸ್ 281. ನನ್ನ ತಮ್ಮನ ಮಗನ ಪರವಾಗಿ ಮಾತಾಡಬೇಕಾದ ನಾನೇ ಠಾಣೆಗೆ ಹೋಗಿ ಕನ್ನಡಿ ಇರಲಿಲ್ಲ ಅಂತ ಹೇಳಿ ಬಂದೆ. ಮನೆಯಲ್ಲಿ ಕೆಲವು ದಿನ ನನ್ನ ಜೊತೆ ಮಾತು ಬಿಟ್ಟರು.

ಮನಸ್ಸು ಮಾಡಿದರೆ ಸರ್ಕಾರದ ಕೈಯಲ್ಲಿ ಆಗುತ್ತದೆ ಅನ್ನುವುದಕ್ಕೆ ನಂಬರ್ ಪ್ಲೇಟೇ ಸಾಕ್ಷಿ. 2019ರ ಏಪ್ರಿಲ್ 1ಕ್ಕಿಂತ ಹಿಂದಿನ ವಾಹನಗಳಿಗೂ ಎಚ್‌ಎಸ್‌ಆರ್‌ಪಿ ಅನ್ನುವ ಹೈ ಸೆಕ್ಯುರಿಟಿ ಪ್ಲೇಟ್ ಹಾಕಿಸಿ ಅಂತ ಇಲಾಖೆ ಹೇಳಿತು. 2023ರ ನವೆಂಬರ್ 17 ಅಂತ ಗಡುವು ಕೊಟ್ಟು, ಮತ್ತೆ ಮತ್ತೆ ಮುಂದೂಡಿ, ಪತ್ರಿಕೆ ಟೀವಿಗಳಲ್ಲಿ ಸಾರಿತು. ಹಳ್ಳಿಯ ಹಳೆ ಮೊಪೆಡ್ಡಿನವರೂ ಆನ್‌ಲೈನ್ ಬುಕ್ ಮಾಡಿ ಹಾಕಿಸಿಕೊಂಡರು. ಪೊಲೀಸರು ಹಿಂದಿನಿಂದ ಗಾಡಿಯನ್ನು ಗುರುತಿಸುವ ತಗಡಿಗೆ ಇಷ್ಟು ಕಾಳಜಿ. ಗಾಡಿಯವನು ತನ್ನ ಹಿಂದೆ ಬರುವುದನ್ನು ನೋಡುವ ಗಾಜಿಗೆ ಒಂದು ಸುತ್ತೋಲೆಯೂ ಇಲ್ಲವೇ?

ಕಾನೂನಿನ ಭಾಷೆಯ ಬಗ್ಗೆಯೂ ಒಂದು ಮಾತು. ಅಮೆರಿಕದಲ್ಲಿ ಕನ್ನಡಿಗೆ ಒಂದೊಂದು ರಾಜ್ಯದ್ದು ಒಂದೊಂದು ಕಾನೂನು ಇದೆ ಅಂತ ಮಗಳು ಹೇಳಿದಳು. ಕ್ಯಾಲಿಫೋರ್ನಿಯಾದ ಕಾನೂನನ್ನು ಓದಿ ಅರ್ಥ ಹೇಳಿದಳು. ಚಾಲಕನಿಗೆ ಹಿಂದಿನ ರಸ್ತೆ ಕಡೇಪಕ್ಷ 200 ಅಡಿ ಕಾಣುವ ಹಾಗೆ ಕನ್ನಡಿ ಇರಬೇಕು, ಮೋಟರ್ ಸೈಕಲ್ಲಿಗೆ ಒಂದು, ಉಳಿದ ವಾಹನಗಳಿಗೆ ಎರಡು, ಅದರಲ್ಲಿ ಒಂದು ಎಡಗಡೆ. ಅಲ್ಲಿ ಡ್ರೈವರ್ ಕೂರುವುದೇ ಎಡಕ್ಕೆ. ಇನ್ನೂರು ಅಡಿ ಅಂದರೆ ನನ್ನ ಲೆಕ್ಕದಲ್ಲಿ ಐದು ಬಸ್ಸು ಸಾಲಾಗಿ ನಿಲ್ಲಿಸಿದಷ್ಟು. ಇದು ಡ್ರೈವರಿಗೂ ತಿಳಿಯುತ್ತದೆ, ಕಾನ್‌ಸ್ಟೇಬಲ್ಲಿಗೂ ತಿಳಿಯುತ್ತದೆ. ನಮ್ಮಲ್ಲಿ ಕೇಳಿದರೆ ಎಐಎಸ್ ಅಂತ ನಂಬರ್ ಹೇಳುತ್ತಾರೆ. ಆ ನಂಬರಿನ ಪುಸ್ತಕ ಯಾವ ಠಾಣೆಯ ಮೇಜಿನ ಮೇಲಿದೆ? ಕಾರಿನ ಉಬ್ಬುಗನ್ನಡಿಯಲ್ಲಿ ಹಿಂದಿನ ಗಾಡಿ ಇರುವುದಕ್ಕಿಂತ ದೂರ ಕಾಣುತ್ತದೆ ಅನ್ನುವ ಎಚ್ಚರಿಕೆಯನ್ನು ಕೂಡ ಇಂಗ್ಲಿಷಿನಲ್ಲೇ ಕೆತ್ತಿರುತ್ತಾರೆ. ಅದೇನು ಬರೆದಿದೆ ಅಂತ ತಿಳಿಯದೆ ವರ್ಷಗಟ್ಟಲೆ ಟ್ಯಾಕ್ಸಿ ಓಡಿಸಿದ ಗೆಳೆಯರು ನನಗಿದ್ದಾರೆ.

ನಾವು ಡ್ರೈವರುಗಳು ಸಾಚಾ ಅಂತ ಹೇಳಿಕೊಳ್ಳಲು ಈ ಪತ್ರ ಬರೆಯುತ್ತಿಲ್ಲ. ಒಂದು ಮಳೆಗಾಲ ನನ್ನ ಬಸ್ಸಿನ ಎಡಗನ್ನಡಿ ಸೀಳಿತ್ತು. ಲಾಗ್‌ಶೀಟಿನಲ್ಲಿ ದಿನಾ ಬರೆದೆ. ಸ್ಟಾಕ್ ಇಲ್ಲ ಅಂದರು. ತಂತಿ ಬಿಗಿದುಕೊಂಡು ಹನ್ನೊಂದು ದಿನ ಓಡಿಸಿದೆ. ಹೊರಡುವುದಿಲ್ಲ ಅಂತ ಹಟ ಹಿಡಿಯಬೇಕಿತ್ತು, ಹಿಡಿಯಲಿಲ್ಲ. ಆ ಹನ್ನೊಂದು ದಿನ ಏನೂ ಆಗಲಿಲ್ಲ ಅನ್ನುವುದು ದೇವರ ದಯೆ, ನನ್ನ ಜಾಣತನ ಅಲ್ಲ.

ತಮ್ಮಲ್ಲಿ ನನ್ನ ಬೇಡಿಕೆಗಳು ಐದು. ಯಾವುದಕ್ಕೂ ಹೊಸ ಕಾಯ್ದೆ ಬೇಕಿಲ್ಲ ಅಂತ ನನ್ನ ತಿಳಿವಳಿಕೆ.

ಒಂದು, ಎರಡೂ ಕನ್ನಡಿ ಕೂರಿಸದೆ ಶೋರೂಮಿನಿಂದ ಗಾಡಿ ಹೊರಗೆ ಬಿಡಬಾರದು. “ಕನ್ನಡಿ ಡಿಕ್ಕಿಯಲ್ಲಿದೆ ಸಾರ್, ಆಮೇಲೆ ಹಾಕಿಸ್ಕೊಳ್ಳಿ” ಅನ್ನುವುದು ನಿಲ್ಲಲಿ. ನೋಂದಣಿಯ ಜೊತೆ ಕನ್ನಡಿ ಸಮೇತ ಗಾಡಿಯ ಮುಂಭಾಗದ ಫೋಟೊ ಸೇರಿಸಲಿ.

ಎರಡು, ಎಮಿಷನ್ ಕೇಂದ್ರಗಳು. ಸ್ವಂತದ ಬೈಕ್ ತಪ್ಪದೆ ಹೋಗಿ ನಿಲ್ಲುವ ಜಾಗ ಅದೊಂದೇ. ಈಗಾಗಲೇ ನಂಬರ್ ಪ್ಲೇಟಿನ ಫೋಟೊ ತೆಗೆಯುತ್ತಾರೆ. ಮುಂದಿನಿಂದ ಇನ್ನೊಂದು ತೆಗೆದರೆ ಕನ್ನಡಿ ಇದೆಯೋ ಇಲ್ಲವೋ ದಾಖಲೆಯಾಗುತ್ತದೆ.

ಮೂರು, ಡ್ರೈವಿಂಗ್ ಪರೀಕ್ಷೆಯ ಆ ಮೊದಲ ಬಾಬತ್ತನ್ನು ಮೊದಲು ನೋಡಲಿ. ಕನ್ನಡಿ ಇಲ್ಲದ ಗಾಡಿಯನ್ನು ಟ್ರ್ಯಾಕಿನೊಳಗೆ ಬಿಡಬಾರದು.

ನಾಲ್ಕು, ದಂಡ ಹಾಕಿದರೂ ದುಡ್ಡಿಗಿಂತ ಕನ್ನಡಿ ಮುಖ್ಯವಾಗಲಿ. ಏಳು ದಿನದಲ್ಲಿ ಎರಡೂ ಕನ್ನಡಿ ಹಾಕಿಸಿ ತೋರಿಸಿದವರಿಗೆ ಮೊದಲ ಸಲದ ದಂಡ ಇಳಿಸಿ. ಕಾಯ್ದೆಯ 200ನೇ ಕಲಮಿನಲ್ಲಿ ರಾಜಿ ದಂಡದ ಮೊತ್ತ ಗೊತ್ತು ಮಾಡುವ ಅಧಿಕಾರ ರಾಜ್ಯಕ್ಕಿದೆ. 2019ರ ಸೆಪ್ಟೆಂಬರಿನಲ್ಲಿ ಹಲವು ದಂಡಗಳನ್ನು ಇಳಿಸಿದ್ದೀರಿ. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಜನ ಸಾಲು ನಿಂತು ಕಟ್ಟಿದರು. ಅದೇ ಉದಾರತನ ಕನ್ನಡಿಗೂ ಇರಲಿ.

ಐದು, ಅಪಘಾತದ ವಿವರ ತುಂಬುವ ಪೊಲೀಸರ ಇ-ಡಾರ್ ತಂತ್ರಾಂಶದಲ್ಲಿ “ಕನ್ನಡಿ ಇತ್ತೇ?” ಅನ್ನುವ ಪ್ರಶ್ನೆ ಇರಬೇಕು ಅಂತ ಕೇಂದ್ರಕ್ಕೆ ಬರೆಯಿರಿ. ನಮ್ಮ ರಾಜ್ಯದ ಮಟ್ಟಿಗೆ ಮಹಜರಿನಲ್ಲಾದರೂ ಒಂದು ಸಾಲು ಬರೆಯುವಂತೆ ಪೊಲೀಸ್ ಇಲಾಖೆಯನ್ನು ಕೇಳಿಕೊಳ್ಳಿ. ಹಾಗೆಯೇ, ಕನ್ನಡಿಯ ನಿಯಮವನ್ನು ನಾಲ್ಕು ಸಾಲು ಸರಳ ಕನ್ನಡದಲ್ಲಿ ಬರೆಸಿ ಪೆಟ್ರೋಲ್ ಬಂಕುಗಳಲ್ಲಿ ಹಾಕಿಸಿ.

ಹುಡುಗನ ಮೂಳೆ ಕೂಡಿದೆ. ಲಾರಿ ಡ್ರೈವರ್ ವಾಯಿದೆಗೆ ಅಂತ ರಾಣೆಬೆನ್ನೂರಿನಿಂದ ಬಂದು ಹೋಗುತ್ತಿದ್ದಾನೆ. ಅವನ ಅವತ್ತಿನ ಬಾಡಿಗೆ ಹೋದದ್ದಲ್ಲದೆ ಈಗ ಪ್ರತಿ ವಾಯಿದೆಗೂ ಒಂದು ದಿನದ ಕೂಲಿ ಹೋಗುತ್ತಿದೆ. ಅಟ್ಟದ ಮೇಲಿದ್ದ ಕನ್ನಡಿಗಳನ್ನು ನಾನೇ ಇಳಿಸಿ, ಕವರ್ ಬಿಚ್ಚಿ, ಬೈಕಿಗೆ ಕೂರಿಸಿದೆ. ಎರಡಕ್ಕೂ ಸೇರಿ ಒಂದು ಸ್ಪ್ಯಾನರು, ಹತ್ತು ನಿಮಿಷ ಸಾಕಾಯಿತು.

ಇದನ್ನು ಓದುತ್ತಿರುವ ಬೈಕ್ ಸವಾರರೇ, ಆಯುಕ್ತರ ಉತ್ತರಕ್ಕೆ ಕಾಯಬೇಡಿ. ನಿಮ್ಮ ಅಟ್ಟದ ಮೇಲೂ ಒಂದು ಜೊತೆ ಇದ್ದರೆ ಇವತ್ತೇ ಇಳಿಸಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಬಸ್ ಚಾಲಕ,
ದಾವಣಗೆರೆ